ಅಧ್ಯಾಪಕರಿಗೆ ಬಿಡುವೂ ಬೇಕು, ಭದ್ರತೆಯೂ ಬೇಕು

ಕಲಬುರಗಿ ಜಿಲ್ಲೆಯಲ್ಲಿ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ನಗರಕ್ಕೆ ಅಂಟಿಕೊಂಡೇ ಇದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಎರಡೂ ಕಡೆ ಪಾಠ ಮಾಡುವವರಿಗೆ ಯುಜಿಸಿ ನಿಗದಿ ಮಾಡಿದ ವಿದ್ಯಾರ್ಹತೆ ಒಂದೇ. ಆದರೆ ಕಡಗಂಚಿಯ ಪ್ರಾಧ್ಯಾಪಕರು 65ಕ್ಕೆ ನಿವೃತ್ತರಾದರೆ, ಗುಲಬರ್ಗಾದವರು 62ಕ್ಕೆ ನಿವೃತ್ತರಾಗುತ್ತಾರೆ. ಅದೇ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನಲ್ಲಿದ್ದರೆ 60ಕ್ಕೇ ಸೇವೆ ಮುಗಿಯುತ್ತದೆ.

ಕೇಂದ್ರ ಸರ್ಕಾರ ತನ್ನ ಅಧ್ಯಾಪಕರ ನಿವೃತ್ತಿ ವಯಸ್ಸನ್ನು 65ಕ್ಕೆ ಏರಿಸಿದ್ದು 2007ರಲ್ಲಿ. ರಾಜ್ಯಗಳೂ ಅದನ್ನೇ ಪಾಲಿಸಬೇಕೆಂಬ ಕಡ್ಡಾಯವಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಈ ಮೂರು ವರ್ಷದ ಅಂತರ ಸಂಬಳದ ಲೆಕ್ಕಕ್ಕಷ್ಟೇ ಸೇರಿದ್ದಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ. ಅಂದರೆ ಗುಲಬರ್ಗಾದ ಪ್ರಾಧ್ಯಾಪಕರಿಗೆ 59ಕ್ಕೇ ಆ ಬಾಗಿಲು ಮುಚ್ಚುತ್ತದೆ. ತತ್ವಪದಗಳ ಹಸ್ತಪ್ರತಿಗಳನ್ನೋ, ತೊಗರಿ ಬೆಳೆಗಾರರ ಸಾಲದ ಲೆಕ್ಕವನ್ನೋ ದಶಕಗಳ ಕಾಲ ಬೆನ್ನುಹತ್ತಿದವರಿಗೆ ವಿಷಯ ಪೂರ್ತಿ ಕೈವಶವಾಗಿರುವ ವಯಸ್ಸು ಅದು.

ಹಾಗೆಂದು ಎಲ್ಲರ ವಯೋಮಿತಿಯನ್ನು 65ಕ್ಕೆ ಏರಿಸುವುದು ಪರಿಹಾರವಲ್ಲ. ನೆಟ್, ಸೆಟ್, ಪಿಎಚ್.ಡಿ. ಮುಗಿಸಿಕೊಂಡು ನಲವತ್ತರ ಹೊಸ್ತಿಲಲ್ಲಿ ಕಾದು ನಿಂತವರಿಗೆ ಅದರಿಂದ ಇನ್ನೂ ಮೂರರಿಂದ ಐದು ವರ್ಷ ಅನ್ಯಾಯವಾಗುತ್ತದೆ. ನೇಮಕಾತಿ, ರಜೆ, ನಿವೃತ್ತಿ ಈ ಮೂರನ್ನೂ ಮೂರು ಪ್ರತ್ಯೇಕ ಕಡತಗಳಾಗಿ ನೋಡುವುದರಲ್ಲೇ ತೊಡಕಿದೆ. ಅಧ್ಯಾಪಕರ ಬದುಕಿನಲ್ಲಿ ಒಂದು ಹದಗೆಟ್ಟರೆ ಉಳಿದೆರಡೂ ಹದಗೆಡುತ್ತವೆ.

ರಜೆಯನ್ನೇ ನೋಡಿ. ಯುಜಿಸಿಯ 2018ರ ನಿಯಮಾವಳಿ ಈ ವಿಷಯದಲ್ಲಿ ಉದಾರವಾಗಿಯೇ ಇದೆ. ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಪೂರೈಸಿದವರು ಓದು, ಸಂಶೋಧನೆಗೆಂದು ಒಂದು ವರ್ಷದವರೆಗೆ ಸಬ್ಬಾಟಿಕಲ್ ರಜೆ ಪಡೆಯಬಹುದು. ಇಡೀ ಸೇವಾವಧಿಯಲ್ಲಿ ಅದು ಎರಡು ವರ್ಷ ಮೀರಬಾರದು, ಅಷ್ಟೆ. ಕಿರಿಯರಿಗೆ ಅಧ್ಯಯನ ರಜೆಯಿದೆ. ಕೇಂದ್ರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು 730 ದಿನಗಳ ರಜೆಯಿದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಕೊಟ್ಟಿತು. ಇಷ್ಟಿದ್ದೂ ಅರ್ಜಿ ಹಾಕಲು ಕೈ ಹಿಂಜರಿಯುತ್ತದೆ. ವಿಭಾಗದಲ್ಲಿ ಉಳಿದ ಕಾಯಂ ಅಧ್ಯಾಪಕರು ಒಬ್ಬರೋ ಇಬ್ಬರೋ ಆಗಿದ್ದರೆ, ಅವರೇ ವಿಭಾಗದ ಮುಖ್ಯಸ್ಥರು, ನ್ಯಾಕ್ ಸಂಯೋಜಕರು, ಹಾಸ್ಟೆಲ್ ವಾರ್ಡನ್, ಪರೀಕ್ಷಾ ಮಂಡಳಿಯ ಅಧ್ಯಕ್ಷರು. ಅವರು ಆರು ತಿಂಗಳು ಹೊರಟರೆ ಅಂಕಪಟ್ಟಿಗೆ ಸಹಿ ಹಾಕುವವರೂ ಇರುವುದಿಲ್ಲ. ಹುದ್ದೆ ಖಾಲಿ ಬಿಟ್ಟಾಗ ಮೊದಲು ಕಳೆದುಹೋಗುವುದು ಉಳಿದವರ ಬಿಡುವು. ಬಿಡುವಿಲ್ಲದಾಗ ಪುಸ್ತಕ, ಸಂಶೋಧನೆ ಹಿಂದೆ ಬೀಳುತ್ತವೆ; ಬಡ್ತಿಗೆ ಅವನ್ನೇ ಕೇಳಲಾಗುತ್ತದೆ.

ರಜೆ ಸಿಗದಿದ್ದರೆ ಎಂಥ ಸ್ಥಿತಿ ಎದುರಾಗುತ್ತದೆ ಎಂಬುದಕ್ಕೆ ಹಿಮಾಚಲ ಪ್ರದೇಶದ ಒಂದು ಪ್ರಕರಣ ಕಣ್ಣಮುಂದಿದೆ. ಅಲ್ಲಿನ ಸರ್ಕಾರಿ ಕಾಲೇಜೊಂದರ ಸಹಾಯಕ ಪ್ರಾಧ್ಯಾಪಕಿಯ ಮಗನಿಗೆ ಮೂಳೆಗಳು ಸುಲಭವಾಗಿ ಮುರಿಯುವ ಆನುವಂಶಿಕ ಕಾಯಿಲೆ. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ. ಆಕೆಯ ಬಳಿ ಇದ್ದಬದ್ದ ರಜೆಯೆಲ್ಲ ಮುಗಿದವು. ಮಕ್ಕಳ ಆರೈಕೆ ರಜೆ ಕೇಳಿದರೆ, ಕೇಂದ್ರದ ಆ ನಿಯಮವನ್ನು ರಾಜ್ಯ ಅಳವಡಿಸಿಕೊಂಡಿಲ್ಲ ಎಂಬ ಉತ್ತರ ಬಂತು. ಹೈಕೋರ್ಟಿನಲ್ಲೂ ಸೋತು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮಹಿಳೆಯರು ಉದ್ಯೋಗದಲ್ಲಿ ಭಾಗವಹಿಸುವುದು ಯಾರೋ ದಯಪಾಲಿಸುವ ಸವಲತ್ತಲ್ಲ, ಅದು ಸಂವಿಧಾನದತ್ತ ಹಕ್ಕು ಎಂದು 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿ, ನೀತಿಯನ್ನು ಮರುಪರಿಶೀಲಿಸಲು ಸಮಿತಿ ರಚಿಸುವಂತೆ ಸೂಚಿಸಿತು. ತಾಯಿಯೊಬ್ಬಳು ರಜೆಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಆಕೆ ಕಾಯಂ ನೌಕರಿಯಲ್ಲಿದ್ದವರು. ಕರ್ನಾಟಕದ ಪದವಿ ಕಾಲೇಜುಗಳ ತರಗತಿಗಳಲ್ಲಿ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಸಾವಿರಗಳಲ್ಲಿದೆ. ವರ್ಷ ವರ್ಷವೂ ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್, ಕಾರ್ಯಭಾರ ಎಲ್ಲಿದೆಯೆಂದು ಹುಡುಕಾಟ. ಸಿಕ್ಕ ಕಾಲೇಜು ಮನೆಯಿಂದ ಎರಡು ತಾಲ್ಲೂಕು ಆಚೆಗಿರಬಹುದು. ಬೆಳಿಗ್ಗೆ ಮೊದಲ ಸಾರಿಗೆ ಬಸ್ಸು ಹಿಡಿದು ಬಂದವರು ಪಾಠ ಮುಗಿಸಿ, ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಚೀಲಕ್ಕೆ ತುಂಬಿಕೊಂಡು ಮರಳುತ್ತಾರೆ. ಸೆಮಿಸ್ಟರ್ ಮುಗಿದರೆ ಸೇವೆಯಿಂದ ಬಿಡುಗಡೆ. ಮುಂದಿನದು ಶುರುವಾಗುವವರೆಗೆ ಗೌರವಧನವಿಲ್ಲ. ಕಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ನಡುವೆಯೇ ಕೆಲಸ ಹೋಗುತ್ತದೆ.

2021ರ ಡಿಸೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿ ಹೋರಾಟಕ್ಕಿಳಿದ ಮೇಲೆ, 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿವರೆಗೆ ಏರಿಸಿತು. ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ ಹಲವರು ಕೆಲಸವನ್ನೇ ಕಳೆದುಕೊಳ್ಳುವಂತಾಯಿತು. ಎರಡು ವರ್ಷದ ನಂತರ ಮತ್ತೊಂದು ಮುಷ್ಕರ. ಆಗ ಇನ್ನಷ್ಟು ಹೆಚ್ಚಳದೊಂದಿಗೆ, 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿ ಇಡಿಗಂಟಿನ ಭರವಸೆ ಸಿಕ್ಕಿತು. ಇದು ಸಣ್ಣ ಗೆಲುವೇನಲ್ಲ. ಆದರೂ ಸಹಾಯಕ ಪ್ರಾಧ್ಯಾಪಕರ ಯುಜಿಸಿ ಮೂಲ ವೇತನವೇ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಎದುರುಬದುರು ಕೂತವರ ನಡುವೆ ಇಷ್ಟು ಅಂತರವಿದೆ.

ಗುತ್ತಿಗೆ ನೇಮಕ ಒಟ್ಟು ಹುದ್ದೆಗಳ ಶೇ 10ರಷ್ಟನ್ನು ಮೀರಬಾರದು ಎಂದು 2018ರ ಯುಜಿಸಿ ನಿಯಮಾವಳಿಯೇ ಹೇಳಿತ್ತು. ಆ ಮಿತಿಯನ್ನು ಬಿಗಿಯಾಗಿ ಜಾರಿಗೆ ತರುವ ಬದಲು, 2025ರ ಜನವರಿಯಲ್ಲಿ ಹೊರಬಂದ ಯುಜಿಸಿ ಕರಡು ಅದನ್ನೇ ಕೈಬಿಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ತಿಂಗಳಿಗೆ 30,000 ರೂಪಾಯಿಗೆ ದುಡಿಯುತ್ತಿದ್ದ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪರವಾಗಿ ನಿಂತು, ಅವರಿಗೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕೆಂದು ಆದೇಶಿಸಿತು. ಆ ತೀರ್ಪನ್ನು ಕರ್ನಾಟಕದ ಉನ್ನತ ಶಿಕ್ಷಣ ಇಲಾಖೆ ಗಂಭೀರವಾಗಿ ಓದಬೇಕು.

ಕಾಯಂ ನೇಮಕಾತಿಯಾದರೂ ಸಕಾಲಕ್ಕೆ ಆಗುತ್ತದೆಯೇ? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಬಿತ್ತು. 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು, ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯ ಹಗರಣ ಎದ್ದಿತು, ಆದೇಶ ಕೈಸೇರುವ ಹೊತ್ತಿಗೆ 2024 ಬಂದಿತ್ತು. ಹೀಗೆ ತಡವಾಗಿ ಸೇವೆಗೆ ಸೇರಿದವರ ನಿವೃತ್ತಿಯ ಮೇಲೂ ಇದರ ಪರಿಣಾಮವಿದೆ. 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕವಾದವರಲ್ಲಿ ಬಹುತೇಕರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಟ್ಟವರು. ಇಲ್ಲಿ ಪಿಂಚಣಿ ನಿಂತಿರುವುದು ಕೂಡಿಟ್ಟ ಹಣದ ಮೇಲೆ. ನಲವತ್ತಕ್ಕೆ ಕಾಯಂ ಆದವರಿಗೆ ಕೂಡಿಡಲು ಸಿಗುವುದು 20 ವರ್ಷ ಮಾತ್ರ. ಅದಕ್ಕೆ ಮೊದಲು ಅತಿಥಿಯಾಗಿ ದುಡಿದ ವರ್ಷಗಳು ಲೆಕ್ಕಕ್ಕೇ ಇಲ್ಲ.

ಹಳೆಯ ಪಿಂಚಣಿಯವರೂ ನೆಮ್ಮದಿಯಿಂದಿಲ್ಲ. ಈಚಿನ ವರ್ಷಗಳಲ್ಲಿ ರಾಜ್ಯದ ಕೆಲವು ಹಳೆಯ ವಿಶ್ವವಿದ್ಯಾಲಯಗಳ ನಿವೃತ್ತರು ತಿಂಗಳ ಪಿಂಚಣಿಗಾಗಿ ಆಡಳಿತ ಕಚೇರಿಯ ಮುಂದೆ ಧರಣಿ ಕೂತಿದ್ದಾರೆ. ಇದಕ್ಕೆ ಕಾರಣವೇನೂ ನಿಗೂಢವಲ್ಲ. ಸಂಯೋಜಿತ ಕಾಲೇಜುಗಳಿಂದ ಬರುವ ಶುಲ್ಕ ಈ ವಿಶ್ವವಿದ್ಯಾಲಯಗಳ ಮುಖ್ಯ ಆದಾಯ. ಹಾಸನ, ಮಂಡ್ಯ, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಬಂದಾಗ ಆ ಭಾಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದಿಂದ ಕಳಚಿಕೊಂಡವು. ಕಾಲೇಜುಗಳ ಜೊತೆ ಶುಲ್ಕವೂ ಹೋಯಿತು, ದಶಕಗಳ ಪಿಂಚಣಿ ಹೊಣೆ ಮಾತ್ರ ಮಾತೃಸಂಸ್ಥೆಯಲ್ಲೇ ಉಳಿಯಿತು. ಹಾಗಿರುವಾಗ ಆಂತರಿಕ ಸಂಪನ್ಮೂಲದಿಂದಲೇ ಪಿಂಚಣಿ ಕೊಡಿ ಎನ್ನುವುದು ನ್ಯಾಯವಲ್ಲ. ಬೇರೆ ಸರ್ಕಾರಿ ನೌಕರರಿಗೆ ಆಗುವಂತೆ ಖಜಾನೆಯಿಂದಲೇ ಇವರಿಗೂ ಪಾವತಿಯಾಗಬೇಕು.

ಹೊರದೇಶಗಳು ಈ ಪ್ರಶ್ನೆಯನ್ನು ಹೇಗೆ ನಿಭಾಯಿಸಿವೆ ಎಂಬುದರಲ್ಲಿ ಕಲಿಯುವ ಪಾಠವೂ ಇದೆ, ಎಚ್ಚರಿಕೆಯೂ ಇದೆ. ಅಮೆರಿಕದಲ್ಲಿ 1994ರಿಂದ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿ ವಯಸ್ಸೇ ಇಲ್ಲ. ಹಿರಿಯರು ಕುರ್ಚಿ ಬಿಡದೆ ಹೋದರೆ ಗತಿಯೇನು ಎಂಬ ಚಿಂತೆಗೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಹಂತಹಂತದ ನಿವೃತ್ತಿಯ ದಾರಿ ಹುಡುಕಿದವು: ಕೊನೆಯ ಕೆಲವು ವರ್ಷ ಅರ್ಧ ಕೆಲಸ, ಅರ್ಧ ಸಂಬಳ. ಮಗು ಹುಟ್ಟಿದಾಗ ಕಾಯಮಾತಿಯ ಗಡುವನ್ನು ಒಂದು ವರ್ಷ ಮುಂದೂಡುವ ಸೌಲಭ್ಯವೂ ಬಂತು. ಅದನ್ನು ತಂದೆ-ತಾಯಿ ಇಬ್ಬರಿಗೂ ಸಮಾನವಾಗಿ ಕೊಟ್ಟಾಗ ಏನಾಯಿತೆಂದು ಅಲ್ಲಿನ 50 ಅಗ್ರ ಅರ್ಥಶಾಸ್ತ್ರ ವಿಭಾಗಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪುರುಷರು ಕಾಯಂ ಆಗುವ ಪ್ರಮಾಣ ಹೆಚ್ಚಿತ್ತು, ಮಹಿಳೆಯರದು ಇಳಿದಿತ್ತು. ಸಿಕ್ಕ ಹೆಚ್ಚುವರಿ ವರ್ಷದಲ್ಲಿ ಪುರುಷರು ಮೇಲ್ಮಟ್ಟದ ಪತ್ರಿಕೆಗಳಲ್ಲಿ ಹೆಚ್ಚು ಪ್ರಬಂಧ ಪ್ರಕಟಿಸಿದ್ದರು. ಮನೆಯ ದುಡಿಮೆ ಯಾರ ಹೆಗಲ ಮೇಲಿದೆ ಎಂದು ನೋಡದೆ ಬರೆದ ನಿಯಮ, ನೆರವು ಬೇಕಾದವರನ್ನೇ ಹಿಂದಕ್ಕೆ ತಳ್ಳಬಹುದು.

ನಿವೃತ್ತರ ಶಕ್ತಿಯೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯಿಂದ ಇಳಿದದ್ದು 1960ರಲ್ಲಿ, ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುವಾದಾಗ ಜಿ. ವೆಂಕಟಸುಬ್ಬಯ್ಯನವರಿಗೆ ಎಪ್ಪತ್ತೈದು ದಾಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರ ಹುದ್ದೆಯಿಂದ 1994ರಲ್ಲಿ ನಿರ್ಗಮಿಸಿದ ಸಿ.ಎನ್.ಆರ್. ರಾವ್, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂಬತ್ತರ ನಂತರವೂ ಸಂಶೋಧನೆ ನಡೆಸಿದರು. ಇಂಥ ದೊಡ್ಡವರಿಗೆ ಸಿಕ್ಕ ಪ್ರಯೋಗಾಲಯ, ಗ್ರಂಥಾಲಯ, ಗೌರವ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಸಿಗಬೇಕೆಂದೇನೂ ಅಲ್ಲ. ಯುಜಿಸಿ ನಿಯಮದಲ್ಲೇ, ನಿವೃತ್ತರು 70 ವರ್ಷದವರೆಗೆ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಲು ಅವಕಾಶವಿದೆ. ಅವರಿಗೆ ವಿಭಾಗದಲ್ಲಿ ಒಂದು ಮೇಜು, ಗ್ರಂಥಾಲಯದ ಕಾರ್ಡು, ಇ-ಪತ್ರಿಕೆಗಳನ್ನು ಓದುವ ಲಾಗಿನ್ ಕೊಡಲು ವಿಶ್ವವಿದ್ಯಾಲಯಕ್ಕೆ ತಗಲುವ ಖರ್ಚು ಅತ್ಯಲ್ಪ.

ಇನ್ನು ಕೆಲವಕ್ಕೆ ಹಣ ಬೇಕು, ತಪ್ಪಿಸುವಂತಿಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲೂ ರಜೆಯ ಮೇಲೆ ಹೋದವರ ತರಗತಿ ವಹಿಸಿಕೊಳ್ಳಲೆಂದೇ ಪೂರ್ಣ ವೇತನದ ಕೆಲವು ಹುದ್ದೆಗಳಿರಲಿ. ನಿವೃತ್ತಿಯ ಅಂಚಿನಲ್ಲಿರುವವರಿಗೆ ಅರ್ಧ ಕಾರ್ಯಭಾರದ ಆಯ್ಕೆ ಕೊಟ್ಟು, ಉಳಿದ ಅರ್ಧಕ್ಕೆ ಹೊಸಬರನ್ನು ಮುಂಚಿತವಾಗಿಯೇ ನೇಮಿಸಲಿ. ಅತಿಥಿ ಉಪನ್ಯಾಸಕರಿಗೆ ಸೆಮಿಸ್ಟರ್ ಲೆಕ್ಕದ ಬದಲು 12 ತಿಂಗಳ ಆದೇಶ, ಸಂಬಳಸಹಿತ ಹೆರಿಗೆ ರಜೆ, ಕಾಯಂ ಆದಾಗ ಹಿಂದಿನ ಸೇವೆಯ ಪರಿಗಣನೆ ಸಿಗಲಿ. 12 ತಿಂಗಳ ಆದೇಶವಂತೂ ಇಲಾಖೆಯ ಒಂದು ಸುತ್ತೋಲೆಯಿಂದ, ಮುಂದಿನ ಕೌನ್ಸೆಲಿಂಗ್ ಶುರುವಾಗುವ ಮೊದಲೇ ಜಾರಿಗೆ ಬರಬಹುದು.