ಗಾಳದ ಕಥೆ, ಭಾಗ 6: ಬಿಟ್ಟ ಮೀನಿನ ಲೆಕ್ಕ ಯಾರ ಹೆಸರಲ್ಲಿ?

ಹೋದ ಭಾಗದ ಕಾಮೆಂಟ್‌ಗಳಲ್ಲಿ ಸುಮಾರು ಜನ ಒಂದೇ ಮಾತು ಬರೆದಿದ್ರಿ: "ಅಮೆರಿಕದವರು ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಡ್ತಾರೆ, ಎಷ್ಟು ಒಳ್ಳೆಯವರು ಗುರು!" ಇವತ್ತು ಅದರ ಬಗ್ಗೇನೇ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ವಾಲೈ ಹಿಡಿಯೋ ಟೆಕ್ನಿಕ್‌ಗೆ ಮಾರ್ಕ್ಸ್ ಕೊಡೋವಾಗ, ಎಷ್ಟು ಮೀನು ಸಿಕ್ತು ಅನ್ನೋದರ ಜೊತೆಗೆ ಬಿಟ್ಟ ಮೀನಲ್ಲಿ ಎಷ್ಟು ಉಳೀತು ಅನ್ನೋದನ್ನೂ ನೋಡ್ಬೇಕು. ರೀಲ್ಸ್‌ನಲ್ಲಿ ಇದನ್ನ ಯಾರೂ ತೋರಿಸಲ್ಲ.

ಹೊಸದಾಗಿ ಬಂದವರಿಗೆ: ವಾಲೈ ಅಂದ್ರೆ ಉತ್ತರ ಅಮೆರಿಕದ ಸಿಹಿನೀರಿನ ಮೀನು, ಮಿನ್ನೆಸೋಟದ ರಾಜ್ಯ ಮೀನು. ಕಣ್ಣೊಳಗೆ ಬೆಳಕನ್ನ ವಾಪಸ್ ಹೊಡೆಯೋ ಒಂದು ಪದರ ಇದೆ, ರಾತ್ರಿ ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ, ಹಾಗೆ. ಅದಕ್ಕೇ ಮುಸ್ಸಂಜೆಗೆ, ಮೋಡ ಕವಿದಾಗ, ಗಾಳಿಗೆ ನೀರು ಅಲೆ ಎದ್ದಾಗ ಇದು ಬೇಟೆಗೆ ಇಳಿಯುತ್ತೆ. ಅಂಥ ಅಲೆಗೆ ಅಲ್ಲಿಯವರು 'ವಾಲೈ ಚಾಪ್' ಅಂತಾನೇ ಹೆಸರಿಟ್ಟಿದ್ದಾರೆ.

ಮಿನ್ನೆಸೋಟದಲ್ಲಿ ಮಿಲ್ ಲ್ಯಾಕ್ಸ್ ಅಂತ ಒಂದು ಸರೋವರ ಇದೆ. ಅಗಲ 500 ಚದರ ಕಿಲೋಮೀಟರಿಗೂ ಜಾಸ್ತಿ, ಆಳ ಮಾತ್ರ ಹೆಚ್ಚಂದ್ರೆ 42 ಅಡಿ. ಮೇ ತಿಂಗಳಲ್ಲಿ ಸೀಸನ್ ಶುರುವಾದಾಗ ಮೀನು ದಡದ ಕಲ್ಲುಗಳ ಹತ್ರ ಇರುತ್ತೆ. ಆಗ ಸೀಸದ ಗುಂಡು ಇರೋ ಗಾಳಕ್ಕೆ, ಅಂದ್ರೆ ಜಿಗ್‌ಗೆ, ಸಣ್ಣ ಮೀನು ಚುಚ್ಚಿ ತಳದಲ್ಲಿ ನಿಧಾನಕ್ಕೆ ಎತ್ತಿ ಇಳಿಸ್ತಾರೆ. ಆಮೇಲೆ ಬೆಂಡು ಕಟ್ಟಿ, ಜಿಗಣೆ ಚುಚ್ಚಿ ಕಲ್ಲುಗುಡ್ಡೆಗಳ ಮೇಲೆ ತೇಲಿಬಿಡೋದು (ಹೌದು, ಜಿಗಣೆನೇ, ಅಲ್ಲಿ ಅಂಗಡೀಲಿ ದುಡ್ಡು ಕೊಟ್ಟು ತರ್ತಾರೆ). ಬೇಸಿಗೆ ಏರಿದ ಹಾಗೆ ಮೀನು ಕೆಸರು ದಿಬ್ಬಗಳ ಅಂಚಿಗೆ ಹೋಗುತ್ತೆ. ಅಲ್ಲಿ ನಡೆಯೋದು ಲಿಂಡಿ ರಿಗ್. ಜಾರೋ ಸೀಸ, ಉದ್ದ ದಾರ, ತುದೀಲಿ ಎರೆಹುಳು ಇಲ್ಲಾ ಜಿಗಣೆ. ಮೀನು ಕಚ್ಚಿದಾಗ ಎಳೆಯೋ ಹಾಗಿಲ್ಲ. ದಾರ ಸಡಿಲ ಬಿಟ್ಟು, ಸ್ವಲ್ಪ ಕಾದು, ಆಮೇಲೆ ಎಳೀಬೇಕು.

ಸಮಸ್ಯೆ ಇರೋದೇ ಆ 'ಸ್ವಲ್ಪ ಕಾದು'ನಲ್ಲಿ. ಆ ಹೊತ್ತಿಗೆ ಎಷ್ಟೋ ಮೀನು ಗಾಳವನ್ನ ಗಂಟಲಿಗೆ ಇಳಿಸಿಕೊಂಡಿರುತ್ತೆ. ತುಟಿಗೆ ಸಿಕ್ಕ ಗಾಳ ಬಿಡಿಸೋದು ಸುಲಭ, ಗಂಟಲಲ್ಲಿ ಸಿಕ್ಕಿದ್ದನ್ನ ಕಿತ್ತರೆ ಮೀನು ಉಳಿಯೋದು ಕಷ್ಟ. ಮೇಲಿಂದ ಜುಲೈ, ಆಗಸ್ಟ್‌ನ ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ಎಳೆದಾಡಿ ಸುಸ್ತಾದ ಮೀನಿಗೆ ಸುಧಾರಿಸಿಕೊಳ್ಳೋಕೆ ಆಗಲ್ಲ. ಆಳದಿಂದ ಎಳೆದಿದ್ದರೆ ಹೊಟ್ಟೆಯೊಳಗಿನ ಗಾಳಿಚೀಲ ಬೇರೆ ಉಬ್ಬುತ್ತೆ. ವಿಡಿಯೋದಲ್ಲಿ ಬಾಲ ಬೀಸ್ಕೊಂಡು ಹೋದ ಮೀನು ಸಂಜೆ ಹೊತ್ತಿಗೆ ಸತ್ತಿರಬಹುದು.

ಈಗ ನಮ್ಮ ಸಬ್ಜೆಕ್ಟ್‌ಗೆ ಬನ್ನಿ. ಮಿಲ್ ಲ್ಯಾಕ್ಸ್‌ನಲ್ಲಿ ವರ್ಷಕ್ಕೆ ಇಷ್ಟು ಪೌಂಡ್ ವಾಲೈ ಅಂತ ಕೋಟಾ ಇದೆ. ಅದನ್ನ ರಾಜ್ಯ ಮತ್ತು 1837ರ ಒಪ್ಪಂದದ ಹಕ್ಕಿರೋ ಒಜಿಬ್ವೆ ಸಮುದಾಯಗಳು ಹಂಚಿಕೊಳ್ತಾವೆ. ಆ ಹಕ್ಕನ್ನ 1999ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡೀತು. ಮೀನು ಕಮ್ಮಿಯಾಗಿ 2015ರ ಆಗಸ್ಟ್ 3ಕ್ಕೆ ಅಲ್ಲಿ ವಾಲೈ ಹಿಡಿಯೋದನ್ನೇ ನಿಲ್ಲಿಸಿದ್ರು. 2016ರ ಬೇಸಿಗೆ ಸೀಸನ್‌ನಲ್ಲಿ ಒಂದು ಮೀನನ್ನೂ ಮನೆಗೆ ಒಯ್ಯೋ ಹಾಗಿರಲಿಲ್ಲ, ಜೀವಂತ ಎರೆಯೂ ಬೇಡ ಅಂದ್ರು. ರಾಜ್ಯದ ಪಾಲು 28,600 ಪೌಂಡ್, ಅಂದ್ರೆ ಹತ್ತಿರ ಹತ್ತಿರ 13 ಟನ್. ಆ ಬೇಸಿಗೆಯಲ್ಲಿ ಮನೆಗೆ ಹೋದ ಮೀನು ಸೊನ್ನೆ. ಆದ್ರೂ ಆ ಪಾಲು ಬೇಸಿಗೆ ಮುಗಿಯೋಕೆ ಮುಂಚೆನೇ ದಾಟಿಹೋಯ್ತು! ಬಿಟ್ಟ ಮೇಲೆ ಸತ್ತ ಮೀನಿನ ಅಂದಾಜನ್ನೂ ಇಲಾಖೆ ಕೋಟಾಗೆ ಹಿಡಿಯುತ್ತೆ, ಅದಕ್ಕೆ.

ಪ್ರೊಸೆಸ್ ಕಾಸ್ಟಿಂಗ್‌ನಲ್ಲಿ ನಾರ್ಮಲ್ ಲಾಸ್ ಅಂತ ಓದ್ತೀವಲ್ಲ, ಇದು ಅದೇ. ಜುಲೈನಲ್ಲಿ ನೂರಕ್ಕೆ ಹತ್ತು ಸಾಯುತ್ತೆ ಅಂತ ಸುಮ್ನೆ ಇಟ್ಕೊಳ್ಳಿ. ನಲವತ್ತು ಹಿಡಿದು ನಲವತ್ತನ್ನೂ ಬಿಟ್ಟವನು ನಾಲ್ಕು ಕೊಂದ. ಎರಡು ಹಿಡಿದು, ಮನೆಗೆ ಒಯ್ದು, ಸಾರು ಮಾಡಿ ತಿಂದವನು ಎರಡೇ ಕೊಂದ. ಲೈಕ್ ಯಾರಿಗೆ ಬರುತ್ತೆ ಹೇಳಿ?

ದಡದಲ್ಲಿರೋ ರಿಸಾರ್ಟ್, ಎರೆ ಅಂಗಡಿ, ಬೋಟಿನವರ ಮಾತಲ್ಲೂ ನ್ಯಾಯ ಇದೆ. ಸೀಸನ್ ನಿಂತ್ರೆ ಅವರ ಬೇಸಿಗೆ ಸಂಪಾದನೆ ಹೋಯ್ತು. ಮೀನು ಕಮ್ಮಿಯಾಗೋಕೆ ಗಾಳ ಒಂದೇ ಕಾರಣಾನೂ ಅಲ್ಲ, ಹೊರಗಿಂದ ಬಂದ ಜೀಬ್ರಾ ಮಸಲ್ ಅನ್ನೋ ಚಿಪ್ಪುಜೀವಿಯಿಂದ ಹಿಡಿದು ಸುಮಾರು ಇವೆ. ಆದ್ರೆ ಆ ಚಿಪ್ಪುಜೀವಿಗೆ ನಾವು ಬುದ್ಧಿ ಹೇಳೋಕಾಗಲ್ಲ, ಗಾಳ ಹಾಕೋರಿಗೆ ಹೇಳಬಹುದು.

ನನ್ನ ಪ್ರಕಾರ ಮೇ ತಿಂಗಳ ಜಿಗ್‌ಗೆ ಫುಲ್ ಮಾರ್ಕ್ಸ್. ನೀರು ತಣ್ಣಗೆ, ಆಳ ಕಮ್ಮಿ, ಗಾಳ ಹೆಚ್ಚಾಗಿ ಬಾಯಿಯ ಅಂಚಿಗೇ ಸಿಗುತ್ತೆ. ಬೆಂಡಿಗೂ ಪರವಾಗಿಲ್ಲ, ಮುಳುಗಿದ ಕೂಡ್ಲೇ ಎಳೆದ್ರೆ. ಬಿಡೋದೇ ಉದ್ದೇಶ ಆದ್ರೆ ಜುಲೈನ ಲಿಂಡಿ ರಿಗ್‌ಗೆ ಫೇಲ್. ನುಂಗಿಬಿಟ್ಟಿದ್ರೆ ಗಾಳ ಕೀಳದೆ ದಾರ ಕತ್ತರಿಸಿ ಬಿಡೋದು ವಾಸಿ. 30 ಅಡಿಗಿಂತ ಆಳದಲ್ಲಿ, ಬಿಡೋಕೆ ಅಂತ ಹಿಡಿಯೋದೇ ಬೇಡ. ಫೋಟೋಗೆ ಅಂತ ಮೀನನ್ನ ನೀರಿಂದಾಚೆ ಅಷ್ಟೊತ್ತು ಹಿಡ್ಕೊಂಡು ನಿಲ್ಲೋರ ಬಗ್ಗೆ ಏನೂ ಹೇಳಲ್ಲ, ಸ್ಲೈಡ್ 3 ನೋಡಿ.

ಮುಂದಿನ ಭಾಗ: ಹೆಪ್ಪುಗಟ್ಟಿದ ಇದೇ ಸರೋವರದ ಮೇಲೆ ಗುಡಿಸಲು ಇಟ್ಕೊಂಡು ಗಾಳ ಹಾಕೋರು. ಲಿಂಡಿ ರಿಗ್ ಪರ ವಾದ ಮಾಡೋರು ಕಾಮೆಂಟ್‌ಗೆ ಬನ್ನಿ, ಇಂಟರ್ನಲ್ಸ್ ಮುಗಿದ ಮೇಲೆ ಉತ್ತರ ಕೊಡ್ತೀನಿ.