ಮುಳ್ಳು ಅಲುಗಿದರೆ ಮನಸ್ಸು ತಿಳಿಯುವುದೇ?

ದೊಡ್ಡ ಅಪರಾಧ ಪ್ರಕರಣವೊಂದು ಸುದ್ದಿಯಾದ ಕೂಡಲೇ "ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸಿ, ಮಂಪರು ಪರೀಕ್ಷೆ ಮಾಡಿಸಿ" ಎಂಬ ಕೂಗು ಏಳುತ್ತದೆ. ಟಿವಿ ಚರ್ಚೆಗಳಲ್ಲಿ ಮಾತ್ರವಲ್ಲ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರ ಬಾಯಲ್ಲೂ ಇದೇ ಮಾತು. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಅಮೇರಿಕದಲ್ಲಿ ಹುಟ್ಟಿದ ಸೈಂಟಾಲಜಿ ಎಂಬ ಪಂಥವಂತೂ ಇಂಥದೇ ಒಂದು ಯಂತ್ರವನ್ನು ಆತ್ಮ ಸಮಾಲೋಚನೆಗೇ ಬಳಸುತ್ತಿದೆ. ಅದರ ಹೆಸರು ಇ-ಮೀಟರ್.

ಈ ಯಂತ್ರ ನೋಡಲು ಬಹಳ ಸರಳ. ಎರಡು ತಗಡಿನ ಡಬ್ಬಿಗಳು, ಎರಡು ವೈರು, ಒಂದು ಮುಳ್ಳು. ಸಮಾಲೋಚನೆಗೆ ಬಂದವರು ಕೈಗೊಂದರಂತೆ ಡಬ್ಬಿಗಳನ್ನು ಹಿಡಿದು ಕೂರಬೇಕು. ಅವರಿಗೇ ಗೊತ್ತಾಗದಷ್ಟು ಅಲ್ಪ ವಿದ್ಯುತ್ ಮೈಯಲ್ಲಿ ಹರಿಯುತ್ತದೆ. ಎದುರು ಕೂತವರು ಪ್ರಶ್ನೆ ಕೇಳುತ್ತಾ ಮುಳ್ಳನ್ನು ನೋಡುತ್ತಾರೆ. ಮುಳ್ಳು ಅಲುಗಿತೆಂದರೆ ಮನಸ್ಸಿನಲ್ಲಿ ಯಾವುದೋ ಹಳೆಯ ನೋವು ಅಡಗಿದೆ ಎಂದು ಅರ್ಥ. ವೋಲ್ನಿ ಮ್ಯಾಥಿಸನ್ ಎಂಬವರು 1950ರ ದಶಕದ ಆರಂಭದಲ್ಲಿ ಇಂಥ ಮೀಟರನ್ನು ತಯಾರಿಸಿದರು. ಪಂಥದ ಸ್ಥಾಪಕ ಎಲ್. ರಾನ್ ಹಬಾರ್ಡ್ ಅದನ್ನು ತಮ್ಮದಾಗಿಸಿಕೊಂಡರು.

ಹಾಗಾದರೆ ಅದು ಕೆಲಸ ಮಾಡುತ್ತದೆಯೇ? ಮುಳ್ಳು ಅಲುಗುವುದಂತೂ ನಿಜ, ಅದರಲ್ಲಿ ಮೋಸವಿಲ್ಲ. ಹೆದರಿಕೆ, ನಾಚಿಕೆ, ಬೆರಗು ಯಾವುದೇ ಆದರೂ ಅಂಗೈ ಸ್ವಲ್ಪ ಬೆವರುತ್ತದೆ. ಬೆವರಿದ ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಡಬ್ಬಿಯನ್ನು ಗಟ್ಟಿಯಾಗಿ ಅದುಮಿದರೂ ಮುಳ್ಳು ಓಡುತ್ತದೆ. ಮೀಟರು ಅಳೆಯುವುದು ಇಷ್ಟನ್ನೇ. ಇದು ಪಾಪಪ್ರಜ್ಞೆಯ ಬೆವರೋ, ಪ್ರಶ್ನೆ ಕೇಳಿದವರ ಗದರುವ ದನಿಗೆ ಬಂದ ಬೆವರೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅರ್ಥ ಹಚ್ಚುವುದು ಎದುರು ಕೂತ ಮನುಷ್ಯ.

1963ರ ಜನವರಿಯಲ್ಲಿ ಅಮೇರಿಕದ ಆಹಾರ ಮತ್ತು ಔಷಧ ಇಲಾಖೆಯು ವಾಷಿಂಗ್ಟನ್‌ನಲ್ಲಿ ದಾಳಿ ನಡೆಸಿ ನೂರಕ್ಕೂ ಹೆಚ್ಚು ಮೀಟರುಗಳನ್ನು ವಶಪಡಿಸಿಕೊಂಡಿತ್ತು. 1971ರಲ್ಲಿ ನ್ಯಾಯಾಲಯವು, ರೋಗ ಪತ್ತೆಗಾಗಲಿ ಚಿಕಿತ್ಸೆಗಾಗಲಿ ಇದು ಉಪಯೋಗವಿಲ್ಲ ಎಂಬ ಎಚ್ಚರಿಕೆಯೊಂದಿಗೆ ಧಾರ್ಮಿಕ ಸಮಾಲೋಚನೆಗೆ ಮಾತ್ರ ಬಳಸಬಹುದೆಂದಿತು. ಮೀಟರು ತಾನಾಗಿಯೇ ಏನನ್ನೂ ಮಾಡುವುದಿಲ್ಲ ಎಂದು ಈಗ ಪಂಥದವರೇ ಹೇಳುತ್ತಾರೆ!

ಅಮೇರಿಕದ ಸಂಗತಿ ನಮಗೇಕೆ ಎನ್ನಬೇಡಿ. ಪೊಲೀಸರ ಸುಳ್ಳು ಪತ್ತೆ ಯಂತ್ರ ಇದರ ಹತ್ತಿರದ ನೆಂಟ. ಅದು ಬೆವರಿನ ಜೊತೆಗೆ ಉಸಿರು, ರಕ್ತದೊತ್ತಡ, ನಾಡಿ ಬಡಿತಗಳನ್ನೂ ದಾಖಲಿಸುತ್ತದೆ. ಆದರೆ ಅದೂ ಕಾಣುವುದು ಗಾಬರಿಯನ್ನೇ ಹೊರತು ಸುಳ್ಳನ್ನಲ್ಲ. ರಷ್ಯಕ್ಕೆ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಎರಡು ಬಾರಿ ಈ ಪರೀಕ್ಷೆ ದಾಟಿ, 1994ರಲ್ಲಿ ಬಂಧನಕ್ಕೊಳಗಾದ. ಪಾಪದ ಮನುಷ್ಯ ಸ್ಟೇಷನ್ ಮೆಟ್ಟಿಲು ಹತ್ತಿದ ಕೂಡಲೇ ಬೆವರುತ್ತಾನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಒಣಭೂಮಿಯ ರೈತರು ಬೋರ್‌ವೆಲ್ ಕೊರೆಸುವ ಮೊದಲು ನೀರು ನೋಡುವವರನ್ನು ಕರೆಸುವುದುಂಟು. ನಮ್ಮ ಕರಾವಳಿಯಲ್ಲೂ ಬಾವಿಗೆ ಜಾಗ ನೋಡಿಸುತ್ತಾರೆ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರು ಎಂದು ನಂಬಿಕೆ. ಅಲ್ಲಿಯೂ ಅಲುಗಿಸುವುದು ಹಿಡಿದ ಕೈಯೇ. ಆದರೆ ಕಾಯಿ ಸುಳ್ಳಾದರೆ ಕೊರೆದ ಗುಂಡಿಯಿಂದ ಬರೀ ಧೂಳು ಏಳುತ್ತದೆ, ಸತ್ಯ ಅಂದೇ ತಿಳಿಯುತ್ತದೆ. ಮನಸ್ಸನ್ನು ಹಾಗೆ ಕೊರೆದು ನೋಡಲಾಗದು. ಆದುದರಿಂದಲೇ ಮೀಟರಿನ ಸುಳ್ಳು ವರ್ಷಾನುಗಟ್ಟಲೆ ಬಾಳುತ್ತದೆ.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ತೀರ್ಪು ನಮ್ಮ ರಾಜ್ಯದ ಹೆಸರಿನಲ್ಲಿದೆ. ಒಂದು ಕಾಲಕ್ಕೆ ಬೆಂಗಳೂರು ಮಂಪರು ಪರೀಕ್ಷೆಗೆ ಹೆಸರಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲೂ ಬಂದವು. 'ಸೆಲ್ವಿ ಮತ್ತು ಕರ್ನಾಟಕ ಸರಕಾರ' ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಸುಳ್ಳು ಪತ್ತೆ, ಮಂಪರು, ಬ್ರೈನ್ ಮ್ಯಾಪಿಂಗ್ ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸಕೂಡದು ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿಯೇ ಇದಕ್ಕೆ ಮುಖ್ಯ ಆಧಾರ. ಒಪ್ಪಿಗೆಯಿಂದ ಮಾಡಿದ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗದು. ಅದರಿಂದ ಬೇರೆ ವಸ್ತು ಅಥವಾ ಮಾಹಿತಿ ಪತ್ತೆಯಾದರೆ ಅದನ್ನು ಪರಿಗಣಿಸಬಹುದು, ಅಷ್ಟೇ. ಬಿಹಾರದ ಪ್ರಕರಣವೊಂದರಲ್ಲಿ 2025ರ ಜೂನ್‌ನಲ್ಲಿ ಅದೇ ನ್ಯಾಯಾಲಯ ಈ ಮಾತನ್ನು ಪುನಃ ಎತ್ತಿ ಹಿಡಿದಿದೆ.

ಧರ್ಮಸಭೆಗೆ ಇದು ಹೊಸ ವಿಚಾರವೇನಲ್ಲ. ಅಪರಾಧಗಳ ತನಿಖೆಯಲ್ಲಿ ದೈಹಿಕ, ಮಾನಸಿಕ ಹಿಂಸೆಯೂ ಮಂಪರು ಪರೀಕ್ಷೆಯೂ ಸಲ್ಲದು ಎಂದು ಪೋಪ್ 12ನೇ ಪಿಯೂಸ್ 1953ರಲ್ಲೇ ದಂಡಶಾಸ್ತ್ರಜ್ಞರ ಸಮ್ಮೇಳನದಲ್ಲಿ ಹೇಳಿದ್ದರು. ಪಾಪನಿವೇದನೆಯಲ್ಲೂ ಗುರುಗಳು ನಮ್ಮ ಅಂಗೈ ಮುಟ್ಟಿ ನೋಡುವುದಿಲ್ಲ. ನಾವಾಗಿ ಬಾಯಿ ಬಿಟ್ಟು ಹೇಳಿದ್ದಕ್ಕೆ ಮಾತ್ರ ಅಲ್ಲಿ ಬೆಲೆ.

ವಾಳೆಯ ಗುರಿಕಾರರು ಒಂದು ಸಂಗತಿಯನ್ನು ತಿಳಿದಿರಬೇಕು. ಪೊಲೀಸ್ ವಿಚಾರಣೆಗೆ ಸಿಲುಕಿದ ಮನೆಯವರು ಗಾಬರಿಯಲ್ಲಿ ನಿಮ್ಮ ಬಳಿ ಓಡಿ ಬಂದಾರು. ಸುಳ್ಳು ಪತ್ತೆ ಪರೀಕ್ಷೆಗೆ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಅದಕ್ಕೆ ಮೊದಲು ವಕೀಲರೊಂದಿಗೆ ಮಾತನಾಡುವ ಅವಕಾಶ ಕೊಡಬೇಕು. ಬೇಡ ಎನ್ನುವ ಹಕ್ಕೂ ಅವರಿಗಿದೆ. ಹಾಗೆಂದ ಮಾತ್ರಕ್ಕೆ ಅವರು ತಪ್ಪು ಮಾಡಿದ್ದಾರೆ ಎಂದಾಗುವುದಿಲ್ಲ.