ಕಾಲದ ಪದ ಕಾಲಕ್ಕೇ ಬರಲಿ

ಹಬ್ಬದ, ಸುಗ್ಗಿಯ ಪದಗಳನ್ನು ವರ್ಷವಿಡೀ ಶಫಲ್‌ನಲ್ಲಿ ತಿರುಗಿಸುವುದು ಜಾನಪದದ ಪ್ರಚಾರವಲ್ಲ, ಅದಕ್ಕೆ ಮಾಡುವ ಅವಮಾನ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಪದಗಳನ್ನು ನನ್ನಂತೆ ಮೊಬೈಲ್‌ನಲ್ಲಿ ಕೂಡಿಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಚಮಿಯ ಜೋಕಾಲಿ ಪದ ಮುಗಿದ ಬೆನ್ನಿಗೇ ಮೊಹರಂನ ರಿವಾಯತ್ ಶುರುವಾಗುತ್ತದೆ. ಒಂದು, ತವರಿಗೆ ಬಂದ ಹೆಣ್ಣುಮಕ್ಕಳ ನಗು. ಇನ್ನೊಂದು, ಕರ್ಬಲಾದಲ್ಲಿ ಮಡಿದವರಿಗಾಗಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ಶೋಕ. ಯಂತ್ರಕ್ಕೆ ಎರಡೂ ಬರೀ ‘ಫೋಕ್’.

ಯಂತ್ರವನ್ನು ಬೈದು ಫಲವಿಲ್ಲ. ಎಂಪಿ3 ಕಡತಕ್ಕೆ ಅಂಟಿಸುವ ಮೊದಲ ಐಡಿ3 ಚೀಟಿ ಬರೀ 128 ಬೈಟ್‌ನದು. ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ, ಟಿಪ್ಪಣಿ, ಪ್ರಕಾರ, ಇಷ್ಟಕ್ಕೇ ಅದರಲ್ಲಿ ಜಾಗ. ವರ್ಷಕ್ಕೆ ನಾಲ್ಕು ಅಂಕಿ ಇಟ್ಟವರು ಮಾಸಕ್ಕೆ ಒಂದನ್ನೂ ಇಡಲಿಲ್ಲ.

ಏಪ್ರಿಲ್‌ನಲ್ಲಿ ಕ್ರಿಸ್‌ಮಸ್ ಹಾಡು ಕೇಳಿ ಬೇಸತ್ತವರಿಗೆ ಒಂದು ದಾರಿಯಿದೆ. ಐಟ್ಯೂನ್ಸ್‌ನಲ್ಲಿ ಯಾವುದೇ ಹಾಡಿಗೆ ‘ಶಫಲ್‌ನಲ್ಲಿ ಬಿಟ್ಟುಬಿಡು’ ಎಂದು ಗುರುತು ಹಾಕಿ, ಡಿಸೆಂಬರ್‌ನಲ್ಲಿ ತೆಗೆದರಾಯಿತು. ನಮಗೆ ಅಷ್ಟು ಸಾಲದು. 2020ರಲ್ಲಿ ಆಗಸ್ಟ್ ಕೊನೆಗೆ ಬಂದ ಮೊಹರಂ 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂತು. ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಿದ್ದರೆ ಪಂಚಮಿಯೂ ಮುಂದೆ ಹೋಗುತ್ತದೆ. ಮಳೆ ಕೈಕೊಟ್ಟಾಗ ಮನೆಮನೆಗೆ ಹೋಗಿ ಹಾಡುವ ಗುರ್ಜಿ ಪದಕ್ಕಂತೂ ಕ್ಯಾಲೆಂಡರೇ ಇಲ್ಲ, ಅದು ಮುಗಿಲು ನೋಡಿ ತೆಗೆಯುವ ಹಾಡು.

‘ಹಾಡು ಹಾಡೇ, ಯಾವಾಗ ಕೇಳಿದರೇನು?’ ಎನ್ನುವ ಗೆಳೆಯರಿದ್ದಾರೆ. ಕೇಳಬೇಡಿ ಎಂದು ನಾನೂ ಹೇಳುತ್ತಿಲ್ಲ. ಬೇಕೆಂದು ಹುಡುಕಿ ಕೇಳುವುದು ಬೇರೆ, ಹೊತ್ತುಗೊತ್ತಿಲ್ಲದೆ ಕಿವಿಗೆ ಬೀಳುವುದು ಬೇರೆ. ಸೀತನಿಯ ರುಚಿಯಲ್ಲಿ ಅರ್ಧ ಪಾಲು ಅದಕ್ಕಾಗಿ ಕಾದದ್ದರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾಲಕ್ಕೆ ಕಾದು ಕೂತರೆ ಹಂತಿ ಪದದ ಗತಿ ಏನು? ಮೇಟಿಯ ಸುತ್ತ ಎತ್ತು ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಕಣಗಳು ಹೋಗಿ ರಾಶಿ ಮಷೀನು ಬಂದಿದೆ. ನಿಜ. ಆದರೆ ಕಣ ಹೋಯಿತೇ ಹೊರತು ರಾಶಿಯ ತಿಂಗಳು ಹೋಗಿಲ್ಲ. ಬಿಳಿಜೋಳ ಇಂದಿಗೂ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ವರ್ಷವಿಡೀ ಸುಮ್ಮನಿದ್ದ ಹಂತಿ ಪದ ಆಗ ಕೇಳಿಸಿದರೆ, ‘ಇದು ಈಗ್ಯಾಕ ಬಂತು?’ ಎಂದು ಮನೆಯ ಮಗು ಕೇಳುತ್ತದೆ. ಉತ್ತರ ಹೇಳಹೋದರೆ ಎತ್ತು, ಮೇಟಿ, ಕಣ ಎಲ್ಲವೂ ಮಾತಿಗೆ ಬರುತ್ತವೆ. ದಿನವೂ ಕೇಳಿಸುವ ಹಾಡಿನ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ.

ಅದಕ್ಕೇ ನನ್ನ ಮೊಬೈಲ್‌ನಲ್ಲಿ ಈಗ ಶ್ರಾವಣದ್ದೊಂದು, ಮೊಹರಂನದೊಂದು, ರಾಶಿಯದೊಂದು, ಮಳೆ ಬಾರದ ದಿನಗಳದ್ದೊಂದು ಪಟ್ಟಿಯಿದೆ. ಯಾವುದನ್ನೂ ಅಳಿಸಿಲ್ಲ, ಯಾವುದೂ ಶಫಲ್‌ಗೆ ಬರುವುದಿಲ್ಲ.

ಪದ ಸಂಗ್ರಹಕ್ಕೆ ಹೊರಡುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಾಡಿದವರ ಹೆಸರು, ಊರು ಬರೆದುಕೊಂಡ ಮೇಲೆ ಪೆನ್ನು ಮುಚ್ಚಬೇಡಿ. ‘ಇದನ್ನ ಯಾವಾಗ ಹಾಡ್ತೀರಿ ಅವ್ವಾ?’ ಎಂದು ಕೇಳಿ, ಮಾಸ, ತಿಥಿ, ಮಾಡುತ್ತಿದ್ದ ಕೆಲಸ, ಎಲ್ಲವನ್ನೂ ಬರೆದುಕೊಳ್ಳಿ. ಕಾಲ ಬರೆಯದೆ ತಂದ ಪದ ಅರ್ಧವಷ್ಟೇ ಊರಿನಿಂದ ಬಂದಂತೆ.